ಯೆಹೆಜ್ಕೇಲ 34 ಓದುವುದು ಹೇಗೆ: ಕುರುಬರಿಂದ ದೇವರು ಕೇಳುವ ಲೆಕ್ಕ

ಸಭೆಯಲ್ಲಿ ನಾಯಕರ ಬಗ್ಗೆ ಗಲಾಟೆ ಎದ್ದಾಗ ಎರಡು ವಚನ ಹೊರಗೆ ಬರುತ್ತವೆ. ಪಾಸ್ಟರ್ ಕಡೆಯವರು ಕೀರ್ತನೆ 105 ಹಿಡಿದು "ಅಭಿಷೇಕ ಹೊಂದಿದವರನ್ನು ಮುಟ್ಟಬೇಡಿ" ಅನ್ನುತ್ತಾರೆ. ಎದುರಿನವರು ಯೆಹೆಜ್ಕೇಲ 34ರ ಎರಡನೇ ವಚನವನ್ನು, ಅಂದರೆ ತಮ್ಮನ್ನೇ ಮೇಯಿಸಿಕೊಳ್ಳುವ ಕುರುಬರಿಗೆ ಅಯ್ಯೋ ಅನ್ನುವ ಮಾತನ್ನು, ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಎರಡೂ ವಚನ ಬಾಯಿ ಮುಚ್ಚಿಸಲಿಕ್ಕೆ ಬಳಕೆಯಾಗುತ್ತವೆ, ಅಧ್ಯಾಯ ಏನು ಹೇಳುತ್ತದೆ ಅಂತ ನೋಡುವವರು ಕಡಿಮೆ. ನಿಮ್ಮ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಇದನ್ನು ಪೂರ್ತಿಯಾಗಿ ಓದಿ ಅಂತ ನನ್ನ ಕೋರಿಕೆ. ಒಂದು ಸಂಜೆ ಸಾಕು. ಸಭಾಪಾಲಕರೂ ಹಿರಿಯರೂ ಕೂತಿರಲಿ. ಅವರಿಲ್ಲದಾಗ ಓದಿದರೆ ಅದು ಚಾಡಿಯಾಗಿ ಬಿಡುತ್ತದೆ.

ಓದನ್ನು 34ರಿಂದ ಶುರು ಮಾಡಬೇಡಿ, 33:21ರಿಂದ ಮಾಡಿ. ಪ್ರವಾದಿ ಯೆಹೆಜ್ಕೇಲ ಯಾಜಕನೂ ಹೌದು. ಕ್ರಿ.ಪೂ. 597ರಲ್ಲಿ ಅರಸ ಯೆಹೋಯಾಕೀನನ ಜೊತೆ ಸೆರೆಯಾಗಿ ಬಾಬೆಲಿಗೆ ಹೋದವನು. ಸೆರೆಯಾದ ಹನ್ನೆರಡನೇ ವರ್ಷದಲ್ಲಿ ಯೆರೂಸಲೇಮಿನಿಂದ ತಪ್ಪಿಸಿಕೊಂಡು ಬಂದವನೊಬ್ಬ ಅವನ ಹತ್ತಿರ ಬಂದು, ಪಟ್ಟಣ ಬಿತ್ತು ಅನ್ನುತ್ತಾನೆ. ಅದರ ಮುಂದಿನ ಅಧ್ಯಾಯದಲ್ಲೇ ಕುರುಬರ ಮಾತು ಬರುತ್ತದೆ. ಅಂದರೆ ಕುರಿಗಳು ಆಗಲೇ ಚದರಿಹೋಗಿವೆ, ಮನೆ ಸುಟ್ಟಿದೆ, ದೇವಾಲಯ ಇಲ್ಲ. ಅದನ್ನೆಲ್ಲಾ ಕಳಕೊಂಡು ಕೂತವರ ಮುಂದೆ ದೇವರು ಇದಕ್ಕೆ ಕಾರಣರಾದವರಿಗೆ ನೇರವಾಗಿ ಮಾತಾಡುತ್ತಿದ್ದಾನೆ.

ಕುರುಬರು ಅಂದರೆ ಇಲ್ಲಿ ಮೊದಲು ಅರಸರು. ಆ ಕಾಲದಲ್ಲಿ ಅರಸರು ತಮ್ಮನ್ನು ಕುರುಬರು ಅಂತ ಕರೆದುಕೊಳ್ಳುತ್ತಿದ್ದರು, ಬಾಬೆಲಿನ ಹಮ್ಮುರಾಬಿ ತನ್ನ ಕಟ್ಟಳೆಗಳ ಮುನ್ನುಡಿಯಲ್ಲೇ ಹಾಗೆ ಹೇಳಿಕೊಂಡಿದ್ದಾನೆ. ಹಾಗಾದರೆ ಇದು ಸಭಾನಾಯಕರಿಗೆ ಸಂಬಂಧ ಇಲ್ಲ ಅಂತ ಯಾರಾದರೂ ಎದ್ದು ಹೇಳಿದರೆ 22:23–31 ಓದಿಸಿ. ಅಲ್ಲಿ ಯಾಜಕರು, ಅಧಿಪತಿಗಳು, ಪ್ರವಾದಿಗಳು ಸಾಲಾಗಿ ನಿಲ್ಲುತ್ತಾರೆ. ಒಬ್ಬರು ತೋಳದ ಹಾಗೆ ಹರಿದು ತಿನ್ನುತ್ತಾರೆ, ಇನ್ನೊಬ್ಬರು ಆ ಪಾಪದ ಮೇಲೆ ಸುಣ್ಣ ಬಳಿಯುತ್ತಾರೆ. ಸುಣ್ಣ ಬಳಿಯುವವರು ಪ್ರವಾದಿಗಳು.

ಈಗ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. 34:2–4ರಲ್ಲಿ ಕುರುಬರು ಏನು ಮಾಡಿದರು ಅನ್ನುವುದು ಎಡಕ್ಕೆ, ಏನು ಮಾಡಲಿಲ್ಲ ಅನ್ನುವುದು ಬಲಕ್ಕೆ. ಎಡಗಡೆ ಕೊಬ್ಬು ತಿಂದರು, ಉಣ್ಣೆ ಹೊದ್ದರು, ಕೊಬ್ಬಿದ್ದನ್ನು ಕೊಯ್ದರು, ದಬ್ಬಾಳಿಕೆ ಮಾಡಿದರು. ಬಲಗಡೆ ಬಲಹೀನವಾದದ್ದು, ರೋಗದ್ದು, ಮುರಿದದ್ದು, ಓಡಿಸಲ್ಪಟ್ಟದ್ದು, ಕಳೆದುಹೋದದ್ದು, ಹೀಗೆ ಐದು ಥರದ ಕುರಿ, ಒಂದಕ್ಕೂ ಆರೈಕೆ ಇಲ್ಲ. ಇಲ್ಲಿ ನಿಂತು ಮಾತಾಡಿ. ಕುರಿ ಕಾಯುವವನಿಗೆ ಹಾಲು, ಉಣ್ಣೆ ಸಿಗುವುದು ತಪ್ಪಲ್ಲ. ಪೌಲನೇ 1 ಕೊರಿಂಥ 9ರಲ್ಲಿ, ಹಿಂಡು ಸಾಕಿ ಅದರ ಹಾಲು ಕುಡಿಯದವರು ಯಾರಿದ್ದಾರೆ ಅಂತ ಕೇಳುತ್ತಾನೆ. ಹಾಗಾಗಿ ಪಾಸ್ಟರ್ ಸಂಬಳ ಎಷ್ಟು, ಕಾರು ಯಾವುದು ಅನ್ನೋ ಚರ್ಚೆಯಲ್ಲೇ ಸಂಜೆ ಕಳೆಯಬೇಡಿ. ಎಡಗಡೆ ತುಂಬಿ ಬಲಗಡೆ ಖಾಲಿ ಇರುವುದೇ ಆರೋಪ. ಕಳೆದ ಒಂದು ವರ್ಷದಲ್ಲಿ ಸಭೆಗೆ ಬರುವುದನ್ನು ನಿಲ್ಲಿಸಿದವರು ಯಾರು, ಅವರ ಮನೆಗೆ ಯಾರು ಹೋದರು? ಈ ಪ್ರಶ್ನೆ ಹಾಕಿ, ಉತ್ತರ ಬರುವವರೆಗೆ ಕಾಯಿರಿ.

ತಿನ್ನುವುದು ಯಾವಾಗ ಕಿತ್ತುಕೊಳ್ಳುವುದಾಗುತ್ತದೆ ಅಂತ ತಿಳಿಯಲು 1 ಸಮುವೇಲ 2 ಓದಲೇಬೇಕು. ಜಾಗ ಆಗ ದೇವರ ಆರಾಧನೆ ನಡೆಯುತ್ತಿದ್ದ ಶೀಲೋ, ಯಾಜಕ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸ ಯಾಜಕರು. ಒಬ್ಬ ಮನುಷ್ಯ ಬಲಿಯ ಮಾಂಸ ಬೇಯಿಸುತ್ತಿದ್ದಾನೆ. ಯಾಜಕನ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬಂದು ಕುದಿಯುವ ಪಾತ್ರೆಗೆ ಚುಚ್ಚುತ್ತಾನೆ, ಎಷ್ಟು ಮೇಲೆ ಬಂತೋ ಅಷ್ಟೂ ಯಾಜಕನದ್ದು. ಯಾಜಕಕಾಂಡ 7ರ ಪ್ರಕಾರ ಯಾಜಕನ ಪಾಲು ಎದೆಯ ಭಾಗ ಮತ್ತು ಬಲತೊಡೆ, ಅಷ್ಟೇ. ಆಮೇಲೆ ಅದೂ ಸಾಲದೆ ಕೊಬ್ಬನ್ನು ದೇವರಿಗೆ ಸುಡುವ ಮೊದಲೇ ಹಸಿ ಮಾಂಸ ಕೊಡು ಅಂತ ಕೇಳುತ್ತಾರೆ. ಕೊಬ್ಬು ಸುಡಲಿ, ಆಮೇಲೆ ಬೇಕಾದಷ್ಟು ತಗೊಳ್ಳಿ ಅಂತ ಆ ಮನುಷ್ಯ ಹೇಳಿದರೆ, ಈಗಲೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ ಅನ್ನುವುದು ಉತ್ತರ. ಕಾಣಿಕೆ ತಂದವನಿಗೆ ಇದ್ದ ದೇವಭಯ ಯಾಜಕನ ಮನೆಯಲ್ಲಿ ಇರಲಿಲ್ಲ, ಅಲ್ವಾ?

ಅಪ್ಪ ಏಲಿ ಬೈದ. ಆದರೆ ಆ ಕೆಲಸದಿಂದ ಅವರನ್ನು ತೆಗೆಯಲಿಲ್ಲ. ನನಗಿಂತ ನಿನ್ನ ಮಕ್ಕಳನ್ನು ಯಾಕೆ ಹೆಚ್ಚು ಗೌರವಿಸಿದೆ ಅಂತ ದೇವರು ಕೇಳಿದ್ದು ಏಲಿಯನ್ನೇ. ಗೊತ್ತಿದ್ದೂ ಬರೀ ಬುದ್ಧಿ ಹೇಳಿ ಕೈತೊಳೆದುಕೊಳ್ಳುವ ಕಮಿಟಿಯವರು ಈ ಭಾಗವನ್ನು ಎರಡು ಸಲ ಓದಲಿ.

ಮತ್ತೆ 34ಕ್ಕೆ ಬನ್ನಿ, ಹತ್ತನೇ ವಚನಕ್ಕೆ. ತೀರ್ಪು ಇಲ್ಲಿದೆ. ತೀರ್ಪು ಅಂದರೆ ಸಿಡಿಲು, ಬೆಂಕಿ ಅಂದುಕೊಂಡವರಿಗೆ ಇಲ್ಲಿ ಅದು ಕಾಣುವುದಿಲ್ಲ. ದೇವರು ಹೇಳುವುದು ಇಷ್ಟು: ನಾನು ಕುರುಬರಿಗೆ ವಿರೋಧಿ, ನನ್ನ ಕುರಿಗಳ ಲೆಕ್ಕ ಅವರಿಂದ ಕೇಳುತ್ತೇನೆ, ಅವರನ್ನು ಕಾಯುವ ಕೆಲಸದಿಂದ ನಿಲ್ಲಿಸುತ್ತೇನೆ, ಕುರಿಗಳನ್ನು ಅವರ ಬಾಯಿಂದ ಬಿಡಿಸುತ್ತೇನೆ. ಮೊದಲು ಆಗಬೇಕಾದದ್ದು ಕುರಿಯ ರಕ್ಷಣೆ. ಒಬ್ಬ ನಾಯಕನ ಕೈಯಲ್ಲಿ ಜನ ನೊಂದಿದ್ದಾರೆ ಅಂತ ಗೊತ್ತಾದ ಮೇಲೂ ಅವನನ್ನು ಸದ್ದಿಲ್ಲದೆ ಬೇರೆ ಊರಿನ ಸಭೆಗೆ ಕಳಿಸುವುದು ಈ ವಚನಕ್ಕೆ ನೇರ ವಿರುದ್ಧ. ಅವನಿಗೆ ಕ್ಷಮೆ ಸಿಗಬಹುದು. ಹಿಂಡು ಮತ್ತೆ ಅವನ ಕೈಗೆ ಸಿಗಬೇಕು ಅಂತೇನೂ ಇಲ್ಲ.

ಹತ್ತಕ್ಕೇ ನಿಲ್ಲಿಸಿದರೆ ಸದಸ್ಯರೆಲ್ಲಾ ಖುಷಿಯಾಗಿ ಮನೆಗೆ ಹೋಗುತ್ತಾರೆ. 17ರಿಂದ 22ರವರೆಗೂ ಓದಿ. ಅಲ್ಲಿ ಕುರಿ ಕುರಿಗೂ ನ್ಯಾಯ. ಕೊಬ್ಬಿದ ಕುರಿ ಭುಜದಿಂದ ನೂಕುತ್ತದೆ, ಕೊಂಬಿನಿಂದ ಹಾಯುತ್ತದೆ, ತಾನು ಕುಡಿದಾದ ಮೇಲೆ ಉಳಿದ ನೀರನ್ನು ಕಾಲಿನಿಂದ ಕದಡುತ್ತದೆ. 2ರಿಂದ 10ರವರೆಗೆ ಹಿರಿಯರು ಓದಲಿ, ಈ ಭಾಗವನ್ನು ಹೆಚ್ಚು ಕಾಣಿಕೆ ಕೊಡುವ ಮನೆತನದವರು ಓದಲಿ.

ಇನ್ನು ಆ ಕೀರ್ತನೆ 105. 12ರಿಂದ 15ರವರೆಗೆ ಒಟ್ಟಿಗೆ ಓದಿದರೆ ಸಾಕು. ಅಲ್ಲಿ ಅಭಿಷೇಕ ಹೊಂದಿದವರು ಅಬ್ರಹಾಮ, ಇಸಾಕ, ಯಾಕೋಬರ ಮನೆಯವರು. ಊರಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಪರದೇಶಿಗಳು. ಮುಟ್ಟಬೇಡಿ ಅಂತ ಎಚ್ಚರಿಕೆ ಸಿಕ್ಕಿದ್ದು ಅರಸರಿಗೆ. ಬಲವಿಲ್ಲದವರ ಪರ ಇರುವ ಮಾತನ್ನು ಬಲ ಇರುವವನು ತನ್ನ ರಕ್ಷಣೆಗೆ ಬಳಸುವುದು ಸರಿಯಲ್ಲ. ಅರಸ ದಾವೀದ ಅಭಿಷೇಕ ಹೊಂದಿದವನೇ, ಆದರೂ ಪ್ರವಾದಿ ನಾತಾನ ಅವನ ಮುಖಕ್ಕೇ, ತಪ್ಪು ಮಾಡಿದ ಆ ಮನುಷ್ಯ ನೀನೇ ಅಂದ.

ಪ್ರಶ್ನೆ ಕೇಳಿದರೆ ಏನಾಗುತ್ತೆ ಅಂತ ಭಯ ಇದ್ದವರು ಯೆರೆಮೀಯ 26 ಓದಿ. ದೇವಾಲಯ ಹಾಳಾಗುತ್ತದೆ ಅಂತ ಸಾರಿದ ಪ್ರವಾದಿ ಯೆರೆಮೀಯನನ್ನು ಕೊಲ್ಲಬೇಕು ಅಂತ ಮೊದಲು ಕೂಗಿದವರು ಯಾಜಕರು ಮತ್ತು ಪ್ರವಾದಿಗಳು. ಆಗ ಕೆಲವು ಹಿರಿಯರು ಎದ್ದು ಸುಮಾರು ನೂರು ವರ್ಷ ಹಿಂದಿನ ಪ್ರವಾದಿ ಮೀಕನನ್ನು ನೆನಪಿಸುತ್ತಾರೆ: ಚೀಯೋನ್, ಅಂದರೆ ಯೆರೂಸಲೇಮ್, ಹೊಲದ ಹಾಗೆ ಉಳಲ್ಪಡುತ್ತದೆ ಅಂತ ಮೀಕ ಹೇಳಿದಾಗ ಅರಸ ಹಿಜ್ಕೀಯ ಅವನನ್ನು ಕೊಂದನೇ? ಇಲ್ಲ, ದೇವರಿಗೆ ಹೆದರಿದ. ಹಳೆಯದನ್ನು ಬಲ್ಲ ಹಿರಿಯರು ಇದ್ದದ್ದಕ್ಕೆ, ಶಾಫಾನನ ಮಗ ಅಹೀಕಾಮ ಬೆಂಬಲಕ್ಕೆ ನಿಂತದ್ದಕ್ಕೆ ಯೆರೆಮೀಯ ಉಳಿದ. ಅದೇ ಮಾತಾಡಿದ ಪ್ರವಾದಿ ಊರೀಯನನ್ನು ಅರಸ ಯೆಹೋಯಾಕೀಮ ಐಗುಪ್ತದಿಂದ ಹಿಡಿದು ತರಿಸಿ ಕೊಲ್ಲಿಸಿದ. ಮಾತಾಡಿದವರ ಬೆನ್ನಿಗೆ ನಿಲ್ಲುವುದೂ ಸಭೆಯ ಕೆಲಸ ಅಂತ ಇದರಿಂದ ತಿಳಿಯಿರಿ.

ಕೊನೆಗೆ ಒಂದು ವಿಷಯ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಮಾತು ಕಿವಿಗೆ ಬಿದ್ದರೆ ಅಧ್ಯಯನ, ಪ್ರಾರ್ಥನೆ, ಕಮಿಟಿ ಅಂತ ಕಾಯಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ದೇವರು ನೋಡ್ಕೋತಾನೆ, ಸುಮ್ನಿರಿ ಅಂತ ಯಾರೇ ಹೇಳಿದರೂ ಸುಮ್ಮನಿರಬೇಡಿ. ಯೆಹೆಜ್ಕೇಲ 33:6ರಲ್ಲಿ ಕತ್ತಿ ಬರುವುದನ್ನು ನೋಡಿಯೂ ಕೊಂಬು ಊದದ ಕಾವಲುಗಾರನ ಕೈಯಿಂದಲೇ ಸತ್ತವನ ರಕ್ತದ ಲೆಕ್ಕ ಕೇಳುತ್ತೇನೆ ಅಂತ ದೇವರು ಹೇಳಿದ್ದಾನೆ.

ಮುಂದಿನ ವಾರಕ್ಕೆ ಮಲಾಕಿ 2:1–9 ಮತ್ತು 1 ಪೇತ್ರ 5:1–4 ಇಟ್ಟುಕೊಳ್ಳಿ, ಬರುವಾಗ ಆ ಎರಡು ಕಾಲಮ್ಮಿನ ಹಾಳೆಯನ್ನೂ ತನ್ನಿ.