ಆಸ್ಕರ್ ತಪ್ಪು ಸಿನಿಮಾಕ್ಕೆ ಹೋಯ್ತು ಅನ್ನುವ ಮೊದಲು ಆ ವರ್ಷವನ್ನು ಪೂರ್ತಿ ನೋಡುವುದು ಹೇಗೆ

ಆಸ್ಕರ್ ಮುಗಿದ ಮರುದಿನ ಪ್ರತಿ ವರ್ಷ ಒಂದೇ ಜಗಳ. ಆ ಸಿನಿಮಾಕ್ಕೆ ಹೇಗೆ ಕೊಟ್ಟರು ಅಂತ. ನನಗೆ ಈ ಜಗಳ ತುಂಬಾ ಇಷ್ಟ. ಆದರೆ ಜಗಳಕ್ಕೆ ಬರುವವರಲ್ಲಿ ಜಾಸ್ತಿ ಜನ ಗೆದ್ದದ್ದನ್ನು ಮಾತ್ರ ನೋಡಿರುತ್ತಾರೆ, ಇಲ್ಲವೇ ಸೋತ ಒಂದನ್ನು ಮಾತ್ರ ನೋಡಿರುತ್ತಾರೆ. 'ಅತ್ಯುತ್ತಮ ಚಿತ್ರ' ಅನ್ನುವುದು ಹೋಲಿಸಿ ಕೊಡುವ ಪ್ರಶಸ್ತಿ ಅಲ್ವಾ? ಹಾಗಾದರೆ ಅದು ತಪ್ಪೋ ಸರಿಯೋ ಅಂತ ಹೇಳಲು ಪೈಪೋಟಿಯಲ್ಲಿದ್ದ ಎಲ್ಲವನ್ನೂ ನೋಡಬೇಕು. ಓಟು ಹಾಕುವವರಿಗೇ ಈ ಕಡ್ಡಾಯ ಬಹಳ ಕಾಲ ಇರಲಿಲ್ಲ. ಒಂದು ವಿಭಾಗದಲ್ಲಿ ನಾಮಿನೇಟ್ ಆದ ಎಲ್ಲ ಸಿನಿಮಾಗಳನ್ನು ನೋಡಿದವರು ಮಾತ್ರ ಆ ವಿಭಾಗದ ಕೊನೆಯ ಸುತ್ತಿಗೆ ಓಟು ಹಾಕಬಹುದು ಅನ್ನುವ ನಿಯಮವನ್ನು ಆಸ್ಕರ್ ಕೊಡುವ ಸಿನಿಮಾದವರ ಸಂಸ್ಥೆ ಅಕಾಡೆಮಿ ತಂದದ್ದು 2025ರಲ್ಲಿ. ಮೊದಲ ಸಮಾರಂಭ ನಡೆದದ್ದು 1929ರಲ್ಲಿ. ನಡುವೆ ಎಷ್ಟು ವರ್ಷ ಹೋಯಿತು ನೋಡಿ.

ನಾನೂ ನನ್ನ ಅಕ್ಕನೂ ಆಗಾಗ ಒಂದು ವರ್ಷ ಆರಿಸಿಕೊಂಡು ಅದರ ಪಟ್ಟಿಯನ್ನು ಪೂರ್ತಿ ನೋಡಿ ಮುಗಿಸುತ್ತೇವೆ. ನೀವೂ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಶುರುವಿಗೆ 2005 ತಗೊಳ್ಳಿ. ಐದೇ ಸಿನಿಮಾ: ಕ್ರ್ಯಾಶ್, ಬ್ರೋಕ್‌ಬ್ಯಾಕ್ ಮೌಂಟನ್, ಕಪೋಟಿ, ಗುಡ್ ನೈಟ್ ಅಂಡ್ ಗುಡ್ ಲಕ್, ಮ್ಯೂನಿಕ್. ಒಟ್ಟು ಹತ್ತು ಗಂಟೆ ಚಿಲ್ಲರೆ, ಎರಡು ವಾರಾಂತ್ಯ ಸಾಕು. ಗೆದ್ದದ್ದು ಕ್ರ್ಯಾಶ್. ವರ್ಷದ ಲೆಕ್ಕದಲ್ಲಿ ಮಾತ್ರ ಎಚ್ಚರ ಇರಲಿ. 2005ರಲ್ಲಿ ಬಿಡುಗಡೆಯಾದ ಸಿನಿಮಾಗಳಿಗೆ ಪ್ರಶಸ್ತಿ ಕೊಟ್ಟದ್ದು 2006ರ ಮಾರ್ಚ್‌ನಲ್ಲಿ. ಇದನ್ನು ಗಮನಿಸದೆ ಬೇರೆ ವರ್ಷದ ಸಿನಿಮಾವನ್ನು ತಂದು ಹೋಲಿಸುವವರು ಬಹಳ. ಬಿಡುಗಡೆಯ ತಾರೀಕು ಕೂಡ ಅಮೆರಿಕದ್ದೇ ಲೆಕ್ಕ, ಹಿಂದೆಲ್ಲ ಅದರಲ್ಲೂ ಲಾಸ್ ಏಂಜಲೀಸ್‌ನದು. ಕಾಸಾಬ್ಲಾಂಕಾ ನ್ಯೂಯಾರ್ಕ್‌ನಲ್ಲಿ ಮೊದಲು ತೆರೆ ಕಂಡದ್ದು 1942ರಲ್ಲಿ, ಲಾಸ್ ಏಂಜಲೀಸ್‌ಗೆ ಬಂದದ್ದು 1943ರಲ್ಲಿ, ಹಾಗಾಗಿ ಅದು ಗೆದ್ದದ್ದು 1943ರ ಪ್ರಶಸ್ತಿ.

ನೋಡುವಾಗ ಗೆದ್ದ ಸಿನಿಮಾವನ್ನೇ ಮೊದಲು ನೋಡಿ. ಸೋತದ್ದನ್ನು ಮೊದಲು ನೋಡಿ ಮನಸ್ಸು ಕೊಟ್ಟುಬಿಟ್ಟರೆ ಆಮೇಲೆ ಗೆದ್ದದ್ದರಲ್ಲಿ ಬರೀ ತಪ್ಪು ಹುಡುಕುತ್ತೀರಿ. ಇಂಗ್ಲಿಷ್ ಚೆನ್ನಾಗಿ ಬಂದರೂ ಸಬ್‌ಟೈಟಲ್ ಹಾಕಿಕೊಳ್ಳಿ. ಬ್ರೋಕ್‌ಬ್ಯಾಕ್‌ನಲ್ಲಿ ಹೀತ್ ಲೆಡ್ಜರ್ ಮಾತನ್ನು ಬಾಯಿಯೊಳಗೇ ಇಟ್ಟುಕೊಂಡು ಆಡುತ್ತಾನೆ, ಅದು ಆ ಪಾತ್ರದ ಸ್ವಭಾವ, ಅರ್ಧ ಮಾತು ತಪ್ಪಿದರೆ ಆ ಮನುಷ್ಯನೇ ತಪ್ಪಿಹೋಗುತ್ತಾನೆ. ಸಿನಿಮಾ ಮುಗಿದ ಕೂಡಲೇ, ಒಂದು ವಿಮರ್ಶೆಯನ್ನೂ ಓದದೆ, ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಯಾವ ದೃಶ್ಯ ಕಣ್ಣಲ್ಲಿ ಉಳಿಯಿತು, ಎಲ್ಲಿ ಬೇಜಾರಾಯಿತು, ಯಾವುದನ್ನು ನಂಬಲು ಆಗಲಿಲ್ಲ. ಒಂದು ವಾರ ಬಿಟ್ಟು ಆ ಚೀಟಿ ಮತ್ತೆ ಓದಿ. ವಾರದ ನಂತರವೂ ಕಣ್ಣಲ್ಲಿ ಇರುವ ದೃಶ್ಯ ಯಾವ ಸಿನಿಮಾದ್ದು ಅನ್ನುವುದು ಮುಖ್ಯ.

ಇನ್ನು ನಿಜವಾದ ಕೆಲಸ. ಪೂರ್ತಿ ಸಿನಿಮಾವನ್ನು ಪೂರ್ತಿ ಸಿನಿಮಾಕ್ಕೆ ಹೋಲಿಸಲು ಹೋದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ದೃಶ್ಯದ ಎದುರು ದೃಶ್ಯ ಇಡಿ. (ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಮೂರು ಪ್ಯಾರಾ ಬಿಟ್ಟು ಓದಿ.)

ಕ್ರ್ಯಾಶ್ ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಕಥೆ. ಬಿಳಿಯರು, ಕರಿಯರು, ಇರಾನಿನಿಂದ ಬಂದವರು, ಲ್ಯಾಟಿನೋಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಲೇ ಇರುತ್ತಾರೆ. ಒಂದು ರಾತ್ರಿ ಒಬ್ಬ ಪೊಲೀಸ್ ಕಾರು ನಿಲ್ಲಿಸಿ, ತಪಾಸಣೆಯ ನೆಪದಲ್ಲಿ ಕರಿಯ ಹೆಂಗಸೊಬ್ಬಳ ಮೈಮೇಲೆ ಅವಳ ಗಂಡನ ಎದುರೇ ಕೈ ಹಾಕುತ್ತಾನೆ. ಮರುದಿನ ಅವಳ ಕಾರು ಮಗುಚಿ ಬೀಳುತ್ತದೆ, ಬೆಂಕಿ ಹತ್ತುತ್ತದೆ, ಉಳಿಸಲು ಬರುವವನು ಅದೇ ಪೊಲೀಸ್. ಅಷ್ಟು ದೊಡ್ಡ ಊರಿನಲ್ಲಿ ಅದೇ ಇಬ್ಬರು. ದೃಶ್ಯ ಮೈ ನಡುಗಿಸುತ್ತದೆ, ಸುಳ್ಳಲ್ಲ. ಆದರೆ ಅದು ಮುಗಿದ ಮೇಲೆ ಯೋಚಿಸಿ: ಹಿಂದಿನ ರಾತ್ರಿ ಅವನು ಮಾಡಿದ್ದು ಏನಾಯಿತು? ಅವಳ ಅವಮಾನಕ್ಕೆ ಉತ್ತರ ಸಿಕ್ಕಿತಾ? ಸಿನಿಮಾ ಅವನಿಗೆ ಪ್ರಾಯಶ್ಚಿತ್ತ ಕೊಡಿಸಿ ಮುಂದೆ ಹೋಗುತ್ತದೆ. ಅವಳ ಪಾಡು ಅವಳಿಗೆ. ನನಗೆ ಇದನ್ನು ಒಪ್ಪಲು ಆಗಲೇ ಇಲ್ಲ. ಇನ್ನೊಂದು ತೊಂದರೆ ಎಂದರೆ ಇಲ್ಲಿ ಎಲ್ಲರೂ ಮನಸ್ಸಿನಲ್ಲಿರುವ ಜಾತಿ ಬಣ್ಣದ ದ್ವೇಷವನ್ನು ಬಾಯಿ ಬಿಟ್ಟು ಜೋರಾಗಿ ಹೇಳುತ್ತಾರೆ. ದಿನದ ಬದುಕಿನಲ್ಲಿ ಮೇಲು ಕೀಳು ಮಾಡುವವರು ಹಾಗೆ ಹೇಳುತ್ತಾರಾ? ಲೋಟ ಬೇರೆ ಇಡುತ್ತಾರೆ, ಮನೆ ಬಾಡಿಗೆಗೆ ಇಲ್ಲ ಅನ್ನುತ್ತಾರೆ, ನಗುತ್ತಲೇ ಇರುತ್ತಾರೆ. ನಮಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಬ್ರೋಕ್‌ಬ್ಯಾಕ್‌ನ ಒಂದು ದೃಶ್ಯ. ಜಾಕ್ ಮತ್ತು ಎನಿಸ್, ಬೆಟ್ಟದಲ್ಲಿ ಕುರಿ ಕಾಯುವಾಗ ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಗಂಡಸರು. ಜಾಕ್ ಸತ್ತಿದ್ದಾನೆ. ಎನಿಸ್ ಅವನ ಹುಟ್ಟೂರಿನ ಮನೆಗೆ ಹೋಗಿ, ಅವನು ಹುಡುಗನಾಗಿದ್ದಾಗ ಇದ್ದ ಕೋಣೆಗೆ ಹತ್ತುತ್ತಾನೆ. ಬೀರುವಿನ ಮೂಲೆಯಲ್ಲಿ ಒಂದು ಹಳೆಯ ಅಂಗಿ. ಅದರ ಒಳಗೆ ಇನ್ನೊಂದು ಅಂಗಿ. ಅದು ಎನಿಸ್‌ನದು, ವರ್ಷಗಳ ಹಿಂದೆ ಬೆಟ್ಟದಲ್ಲೇ ಕಳೆದುಹೋಯಿತು ಅಂದುಕೊಂಡದ್ದು. ಅವನು ಅಂಗಿಗೆ ಮುಖ ಒತ್ತುತ್ತಾನೆ. ಒಂದು ಮಾತೂ ಇಲ್ಲ. ಸಿನಿಮಾದ ಕೊನೆಯಲ್ಲಿ ಆ ಎರಡೂ ಅಂಗಿ ಎನಿಸ್‌ನ ಮನೆಯಲ್ಲಿ ನೇತಾಡುತ್ತವೆ, ಆದರೆ ಈಗ ಎನಿಸ್‌ನ ಅಂಗಿ ಹೊರಗೆ, ಜಾಕ್‌ನದು ಒಳಗೆ. ಇಪ್ಪತ್ತು ವರ್ಷ ಹೇಳದೇ ಉಳಿದ ಪ್ರೀತಿಯನ್ನು ಅಂಗಿಯ ಒಳಗು ಹೊರಗಿನಲ್ಲಿ ಹೇಳಿಬಿಟ್ಟಿದ್ದಾರೆ. ಎದುರುಬದುರು ಇಟ್ಟಾಗ ನನಗೆ ಅನುಮಾನ ಉಳಿಯಲಿಲ್ಲ. 2005ರ ಪ್ರಶಸ್ತಿ ಬ್ರೋಕ್‌ಬ್ಯಾಕ್‌ಗೆ ಹೋಗಬೇಕಿತ್ತು.

ಅಕ್ಕ ಒಪ್ಪಲಿಲ್ಲ. ಅವಳ ಚೀಟಿಯಲ್ಲಿ ಇದ್ದದ್ದು ಕ್ರ್ಯಾಶ್‌ನ ಬೀಗ ರಿಪೇರಿಯವನು ಮತ್ತು ಅವನ ಪುಟ್ಟ ಮಗಳು. ಗುಂಡಿಗೆ ಹೆದರುವ ಮಗುವಿಗೆ ಅಪ್ಪ ಕಣ್ಣಿಗೆ ಕಾಣದ ಒಂದು ಕವಚದ ಕಥೆ ಹೇಳಿ ಅದನ್ನು ಅವಳಿಗೆ ತೊಡಿಸುತ್ತಾನೆ, ಆಮೇಲೆ ಅಪ್ಪನ ಕಡೆ ಪಿಸ್ತೂಲು ತಿರುಗಿದಾಗ ಅವಳು ಆ ಕವಚ ತನ್ನ ಮೈಮೇಲಿದೆ ಅಂತ ನಂಬಿ ಓಡಿ ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ. ಆ ಒಂದು ಎಳೆ ಬ್ರೋಕ್‌ಬ್ಯಾಕ್‌ಗೆ ಸಮ ಅಂತ ನಾನೂ ಒಪ್ಪಿದೆ. ಹೀಗೆ ಎದುರಿನವರ ಒಳ್ಳೆಯ ದೃಶ್ಯ ಯಾವುದು ಅಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದರೆ ನೀವು ಆ ಸಿನಿಮಾವನ್ನು ಇನ್ನೂ ಸರಿಯಾಗಿ ನೋಡಿಲ್ಲ.

ಮುಂದೆ ಓಟಿನ ಲೆಕ್ಕ. ಇದನ್ನು ತಿಳಿಯದೆ ಮಾತಾಡಬೇಡಿ. 2005ರಲ್ಲಿ ಒಬ್ಬರಿಗೆ ಒಂದು ಓಟು, ಯಾರಿಗೆ ಜಾಸ್ತಿ ಬಂತೋ ಅವರು ಗೆದ್ದರು. ಐದು ಸಿನಿಮಾ ಇದ್ದಾಗ ನೂರಕ್ಕೆ 21 ಓಟು ಬಂದರೂ ಗೆಲ್ಲುವ ಸಾಧ್ಯತೆ ಇರುತ್ತದೆ. 2009ರ ಸಿನಿಮಾಗಳಿಂದ ಪಟ್ಟಿ ಹತ್ತಕ್ಕೆ ಬೆಳೆಯಿತು, ಪದ್ಧತಿಯೂ ಬದಲಾಯಿತು. ಈಗ ಸದಸ್ಯರು ಸಿನಿಮಾಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಡುತ್ತಾರೆ. ಒಂದು ಉದಾಹರಣೆ ಮಾಡಿ ನೋಡೋಣ. ನೂರು ಓಟು, ನಾಲ್ಕು ಸಿನಿಮಾ. ಮೊದಲ ಆಯ್ಕೆಯಾಗಿ 'ಅ'ಗೆ 34, 'ಆ'ಗೆ 30, 'ಇ'ಗೆ 21, 'ಈ'ಗೆ 15. ಯಾರಿಗೂ ಅರ್ಧ ದಾಟಿಲ್ಲ, ಹಾಗಾಗಿ ಕೊನೆಯ 'ಈ' ಹೊರಗೆ. ಅದಕ್ಕೆ ಓಟು ಹಾಕಿದ 15 ಜನರ ಎರಡನೇ ಆಯ್ಕೆ ನೋಡುತ್ತಾರೆ: 3 'ಅ'ಗೆ, 8 'ಆ'ಗೆ, 4 'ಇ'ಗೆ ಅಂದುಕೊಳ್ಳಿ. ಈಗ 37, 38, 25. 'ಇ' ಹೊರಗೆ. ಅದರ 25ರಲ್ಲಿ 8 'ಅ'ಗೆ, 17 'ಆ'ಗೆ. ಕೊನೆಗೆ 'ಅ' 45, 'ಆ' 55. ಮೊದಲ ಸುತ್ತಿನಲ್ಲಿ ಮುಂದಿದ್ದದ್ದು ಸೋತಿತು.

ಅಂದರೆ ಈಗಿನ ಪದ್ಧತಿಯಲ್ಲಿ ಕೆಲವರು ಪ್ರಾಣ ಬಿಡುವ, ಕೆಲವರು ಮುಖ ತಿರುಗಿಸುವ ಸಿನಿಮಾಕ್ಕೆ ಕಷ್ಟ. ಎಲ್ಲರಿಗೂ ಪರವಾಗಿಲ್ಲ ಅನ್ನಿಸುವ ಸಿನಿಮಾಕ್ಕೆ ಅನುಕೂಲ. 2018ರಲ್ಲಿ ರೋಮಾ ಹತ್ತು ನಾಮಿನೇಶನ್ ಹಿಡಿದುಕೊಂಡು ಬಂದಿತ್ತು, ಅತ್ಯುತ್ತಮ ಚಿತ್ರ ಆದದ್ದು ಐದೇ ನಾಮಿನೇಶನ್ ಇದ್ದ ಗ್ರೀನ್ ಬುಕ್. ಆ ವರ್ಷ ನೋಡುವಾಗ ಈ ಲೆಕ್ಕ ನೆನಪಿರಲಿ. ಕ್ರ್ಯಾಶ್‌ಗೆ ಮಾತ್ರ ಈ ಕಾರಣ ಕೊಡಲು ಬರುವುದಿಲ್ಲ, ಅದು ಹಳೆಯ ಪದ್ಧತಿಯಲ್ಲಿ ಗೆದ್ದದ್ದು.

ಓಟಿನ ಜೊತೆಗೆ ಆ ಕಾಲದ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತಲೂ ಓದಿಕೊಳ್ಳಿ. 1952ರಲ್ಲಿ ಗೆದ್ದದ್ದು ದ ಗ್ರೇಟೆಸ್ಟ್ ಶೋ ಆನ್ ಅರ್ಥ್. ಎರಡೂವರೆ ಗಂಟೆಯ ಸರ್ಕಸ್ ಸಿನಿಮಾ. ಸೋತದ್ದು 85 ನಿಮಿಷದ ಹೈ ನೂನ್, ಅದರಲ್ಲಿ ಗಡಿಯಾರದ ಮುಳ್ಳಿನ ಜೊತೆಗೇ ಕಥೆ ನಡೆಯುತ್ತದೆ, ಒಂದು ನಿಮಿಷ ಕೂಡ ವ್ಯರ್ಥ ಇಲ್ಲ. ಸಿಂಗಿನ್ ಇನ್ ದ ರೈನ್ ಅಂತೂ ಪಟ್ಟಿಯಲ್ಲೇ ಇರಲಿಲ್ಲ. ಯಾಕೆ ಹೀಗಾಯಿತು? ಹೈ ನೂನ್ ಬರೆದ ಕಾರ್ಲ್ ಫೋರ್ಮನ್ ಹಾಲಿವುಡ್ ಕಮ್ಯುನಿಸ್ಟರನ್ನು ಹುಡುಕಿ ಕೆಲಸ ಕೊಡದೆ ಹೊರಹಾಕುತ್ತಿದ್ದ ಆ ದಿನಗಳಲ್ಲಿ ಕಪ್ಪು ಪಟ್ಟಿಗೆ ಸೇರಿ ಬ್ರಿಟನ್‌ಗೆ ಹೋಗಿದ್ದ. ಸರ್ಕಸ್ ಸಿನಿಮಾದ ಸೆಸಿಲ್ ಬಿ. ಡಿಮಿಲ್ 1914ರಿಂದ ಸಿನಿಮಾ ಮಾಡುತ್ತಿದ್ದ ಹಿರಿಯ, ಅವನ ಒಂದು ಚಿತ್ರಕ್ಕೂ ಅಲ್ಲಿಯವರೆಗೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂದಿರಲಿಲ್ಲ. ಹಿರಿಯನಿಗೆ ಒಂದು ಸನ್ಮಾನ ಮಾಡಿ ಮುಗಿಸಿದರು ಅಂತ ನನಗೆ ಅನ್ನಿಸುತ್ತದೆ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ದುರ್ಬಲ ಆಯ್ಕೆ ಕಡಿಮೆ.

ಬಾಕಿ ತೀರಿಸುವುದು ಬೇರೆ ರೀತಿಯಲ್ಲೂ ನಡೆಯುತ್ತದೆ. ಮಾರ್ಟಿನ್ ಸ್ಕಾರ್ಸೆಸಿಯ ರೇಜಿಂಗ್ ಬುಲ್ 1980ರಲ್ಲಿ ಸೋತಿತು, ಗುಡ್‌ಫೆಲ್ಲಾಸ್ 1990ರಲ್ಲಿ ಸೋತಿತು. ಎರಡು ಸಲವೂ ಗೆದ್ದದ್ದು ಮೊದಲ ಬಾರಿ ನಿರ್ದೇಶನಕ್ಕೆ ಕೈ ಹಾಕಿದ ನಟರು, ರಾಬರ್ಟ್ ರೆಡ್‌ಫೋರ್ಡ್ ಮತ್ತು ಕೆವಿನ್ ಕಾಸ್ಟ್ನರ್. ಕೊನೆಗೆ 2006ರ ದ ಡಿಪಾರ್ಟೆಡ್‌ಗೆ ಕೊಟ್ಟರು. ಒಳ್ಳೆಯ ಸಿನಿಮಾ, ಆದರೆ ಹಾಂಗ್‌ಕಾಂಗ್ ಚಿತ್ರವೊಂದರ ರೀಮೇಕ್, ಮೊದಲಿನ ಎರಡರ ಎತ್ತರಕ್ಕೆ ಬರುವುದಿಲ್ಲ.

ಪ್ರಚಾರದ ವಿಷಯಕ್ಕೆ 1998 ನೋಡಿ. ಶೇಕ್ಸ್‌ಪಿಯರ್ ಇನ್ ಲವ್ ಗೆದ್ದಿತು, ಸೇವಿಂಗ್ ಪ್ರೈವೇಟ್ ರಯಾನ್ ಸೋತಿತು. ಮಿರಾಮ್ಯಾಕ್ಸ್ ಕಂಪನಿಯ ಹಾರ್ವಿ ವೈನ್‌ಸ್ಟೀನ್ ಆಗ ನಡೆಸಿದ ಜೋರು ಪ್ರಚಾರವೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಪ್ರಚಾರ ನಡೆದದ್ದು ನಿಜ. ಆದರೆ ಅಷ್ಟಕ್ಕೇ ಆ ಸಿನಿಮಾ ಕಳಪೆ ಆಗಿಬಿಡುತ್ತದಾ? ನಾನು ಮತ್ತೆ ನೋಡಿದೆ. ಚಿತ್ರಕಥೆ ಒಂದು ಕಡೆಯೂ ಬಿಗಿ ತಪ್ಪುವುದಿಲ್ಲ. ರಯಾನ್‌ನಲ್ಲಿ ಸಮುದ್ರ ತೀರದ ಆ ಮೊದಲ ಕಾಳಗದಂಥದ್ದನ್ನು ಸಿನಿಮಾದಲ್ಲಿ ಇನ್ನೆಲ್ಲೂ ನೋಡಿಲ್ಲ, ಆದರೆ ಆಮೇಲಿನ ಎರಡು ಗಂಟೆ ಅದೇ ಮಟ್ಟದಲ್ಲಿ ಇಲ್ಲ. ಇಲ್ಲಿ ನಾನು ಗೆದ್ದದ್ದರ ಪರ. ಪೂರ್ತಿ ನೋಡಿದ ಮೇಲೆ ನಿಮ್ಮ ಅಭಿಪ್ರಾಯವೂ ಹೀಗೆ ಒಮ್ಮೊಮ್ಮೆ ತಿರುಗಿದರೆ ತಿರುಗಲಿ ಬಿಡಿ.

ಇನ್ನು ಕಾಲದ ಪರೀಕ್ಷೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಓದಿದರೆ ತಲೆ ಕೆಡುತ್ತದೆ. 2015ರಲ್ಲಿ ಅಮೆರಿಕದ ಒಂದು ಸಿನಿಮಾ ಪತ್ರಿಕೆ ಅಕಾಡೆಮಿಯ ನೂರಾರು ಸದಸ್ಯರನ್ನು ಹಳೆಯ ವರ್ಷಗಳಿಗೆ ಮತ್ತೆ ಓಟು ಹಾಕಿ ಅಂತ ಕೇಳಿತು, ಆಗ ಕ್ರ್ಯಾಶ್ ಸೋತು ಬ್ರೋಕ್‌ಬ್ಯಾಕ್ ಗೆದ್ದಿತು. ಅದೇ ವರ್ಷ ಕ್ರ್ಯಾಶ್‌ನ ನಿರ್ದೇಶಕ ಪಾಲ್ ಹ್ಯಾಗಿಸ್ ಕೂಡ ತನ್ನದೇ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ತನಗೆ ಅನ್ನಿಸುವುದಿಲ್ಲ ಅಂದ. ಇವೆರಡೂ ನಿಮ್ಮ ವಾದಕ್ಕೆ ಬಲ. ಆದರೆ ವಾದ ಇದರಿಂದಲೇ ಶುರು ಮಾಡಬೇಡಿ, ನಿಮ್ಮ ಚೀಟಿಯಿಂದ ಶುರು ಮಾಡಿ.

ಮಾತಾಡುವಾಗ 'ಕೆಟ್ಟ ಸಿನಿಮಾ' ಮತ್ತು 'ಪ್ರಶಸ್ತಿ ಸಿಗಬಾರದಿತ್ತು' ಇವೆರಡನ್ನು ಬೆರೆಸಬೇಡಿ. ಸಿಗಬಾರದಿತ್ತು ಅಂದರೆ ಯಾವುದಕ್ಕೆ ಸಿಗಬೇಕಿತ್ತು ಅಂತ ಹೆಸರು ಹೇಳಿ, ದೃಶ್ಯ ಹೇಳಿ. ಪಟ್ಟಿಯಲ್ಲೇ ಇಲ್ಲದ ಸಿನಿಮಾ ನಿಮ್ಮ ಆಯ್ಕೆ ಆದರೆ ಅದನ್ನು ಬೇರೆಯಾಗಿ ಹೇಳಿ, ಅದು ನಾಮಿನೇಶನ್‌ನ ತಪ್ಪು, ಕೊನೆಯ ಓಟಿನ ತಪ್ಪಲ್ಲ. ಇದೇ ಅಳತೆಯನ್ನು ಫ್ರಾನ್ಸ್‌ನ ಕಾನ್ ಚಿತ್ರೋತ್ಸವಕ್ಕೋ ನಮ್ಮ ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲಕ್ಕೋ ಹಿಡಿಯಬೇಡಿ. ಅಲ್ಲಿ ಕೆಲವೇ ತೀರ್ಪುಗಾರರು ಒಟ್ಟಿಗೆ ಕೂತು ಮಾತಾಡಿ ಕೊಡುತ್ತಾರೆ, ಇಲ್ಲಿ ಸಾವಿರಾರು ಜನ ಒಬ್ಬರಿಗೊಬ್ಬರು ತಿಳಿಯದಂತೆ ಓಟು ಹಾಕುತ್ತಾರೆ.

2005, 1998 ಆದ ಮೇಲೆ 1941ಕ್ಕೆ ಹೋಗಿ. ಹತ್ತು ಸಿನಿಮಾ ಇವೆ, ಒಂದು ತಿಂಗಳು ಹಿಡಿಯುತ್ತದೆ. ಅದರಲ್ಲಿ ಸಿಟಿಜನ್ ಕೇನ್ ಸೋತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ 1952ರಲ್ಲಿ ಬ್ರಿಟನ್‌ನ ಸೈಟ್ ಅಂಡ್ ಸೌಂಡ್ ಪತ್ರಿಕೆ ವಿಮರ್ಶಕರನ್ನು ಕೇಳಿ ಮಾಡಿದ, ಜಗತ್ತಿನ ಅತ್ಯುತ್ತಮ ಸಿನಿಮಾಗಳ ಮೊದಲ ಪಟ್ಟಿಯಲ್ಲಿ ಕೇನ್ ಮೊದಲ ಹತ್ತರಲ್ಲೂ ಇರಲಿಲ್ಲ, ಮೊದಲ ಸ್ಥಾನಕ್ಕೆ ಬಂದದ್ದು 1962ರಲ್ಲಿ. 1941ರ ಆಸ್ಕರ್ ಗೆದ್ದದ್ದು ಜಾನ್ ಫೋರ್ಡ್‌ನ ಹೌ ಗ್ರೀನ್ ವಾಸ್ ಮೈ ವ್ಯಾಲಿ, ವೇಲ್ಸ್‌ನ ಗಣಿ ಊರಿನ ಒಂದು ಮನೆಯ ಕಥೆ, ಯುದ್ಧದ ಕಾರಣ ಆ ಊರನ್ನು ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಕಟ್ಟಿ ತೆಗೆದದ್ದು. ಅದನ್ನು ಸಂಜೆ ನೋಡಿ. ಕೂಲಿ ತಂದ ಗಂಡುಮಕ್ಕಳು ಬಾಗಿಲಲ್ಲಿ ಕೂತ ಅಮ್ಮನ ಮಡಿಲಿಗೆ ದುಡ್ಡು ಹಾಕುತ್ತಾ ಒಳಗೆ ಹೋಗುವ ದೃಶ್ಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮರುದಿನ ಕೇನ್ ಹಾಕಿ. ಒಳಗೆ ಅಪ್ಪ ಬೇಡ ಅನ್ನುತ್ತಿದ್ದರೂ ಅಮ್ಮ ಕಾಗದಕ್ಕೆ ಸಹಿ ಹಾಕಿ ಮಗನನ್ನು ಬೇರೆಯವರ ಕೈಗೆ ಒಪ್ಪಿಸುತ್ತಿದ್ದಾಳೆ, ಹಿಂದೆ ಕಿಟಕಿಯ ಆಚೆ ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ, ಎರಡೂ ಒಂದೇ ಚೌಕಟ್ಟಿನಲ್ಲಿ ಅಷ್ಟೇ ಸ್ಪಷ್ಟ. ಆ ಎರಡು ದೃಶ್ಯವನ್ನು ಎದುರುಬದುರು ಇಟ್ಟುಕೊಂಡು ಯಾವುದಕ್ಕೆ ಓಟು ಅಂತ ನೀವೇ ಬರೆಯಿರಿ. ನನ್ನದು ಕೇನ್‌ಗೆ, ಅಕ್ಕನದು ಆ ಅಮ್ಮನ ಮಡಿಲಿಗೆ.