ಫಾರ್ಮ್ ಬಿಟ್ಟು ಪಟ್ಟಿ ಹಿಡಿದು ಹೋದೆ: ನ್ಯಾಕ್‌ನ ಮೂರನೇ ಕ್ರೈಟೀರಿಯನ್, ನನ್ನ ಅನುಭವ

ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಾಡುವ ನ್ಯಾಕ್‌ಗೆ ನಮ್ಮ ವಿಶ್ವವಿದ್ಯಾಲಯ ವರದಿ ಕಳಿಸುವಾಗ, ಸಂಶೋಧನೆಯ ಲೆಕ್ಕ ಕೇಳುವ ಮೂರನೇ ಕ್ರೈಟೀರಿಯನ್ (ಮಾನದಂಡ) ನನ್ನ ಪಾಲಿಗೆ ಬಂದದ್ದು ಎರಡು ಸಲ. ಮೊದಲ ಸಲ ನಾನೂ ಎಲ್ಲರ ಹಾಗೇ ಮಾಡಿದೆ. ಪ್ರಕಟವಾದ ಪೇಪರ್‌ಗಳ ವಿವರ ತುಂಬಿ ಅಂತ ಮೇಷ್ಟರುಗಳಿಗೆ ಗೂಗಲ್ ಫಾರ್ಮ್ ಕಳಿಸಿದೆ, ಗಡುವು ಕೊಟ್ಟೆ, ಮೂರು ಸಲ ನೆನಪೋಲೆ ಹೊರಡಿಸಿದೆ. ಐದು ವರ್ಷದ್ದು ಸೇರಿ ಸುಮಾರು 1,900 ಪೇಪರ್ ಬಂದವು. ಖುಷಿಪಟ್ಟೆ. ಕೂತು ನೋಡಿದರೆ ಒಂದೇ ಪೇಪರನ್ನು ಮೂವರು ಲೇಖಕರು ಮೂರು ಸಲ ತುಂಬಿದ್ದರು, ಅದೂ ಬೇರೆ ಬೇರೆ ವರ್ಷದಲ್ಲಿ. ಸೆಮಿನಾರಿನ ಸಾರಾಂಶಗಳೂ ಅದರೊಳಗೇ ಇದ್ದವು. ಕ್ಯಾಲೆಂಡರ್ ವರ್ಷ ಹಾಕಬೇಕಾದ ಕಡೆ ಅರ್ಧ ವಿಭಾಗಗಳು ಶೈಕ್ಷಣಿಕ ವರ್ಷ ಹಾಕಿದ್ದವು. ನ್ಯಾಕ್ ಪರವಾಗಿ ದಾಖಲೆ ತಾಳೆ ನೋಡುವ ಡಿವಿವಿಯಿಂದ ನಲವತ್ತಕ್ಕೂ ಜಾಸ್ತಿ ಪ್ರಶ್ನೆ ವಾಪಸ್ ಬಂದವು. ಹಗಲು ರಾತ್ರಿ ಕೂತು ಉತ್ತರ ಬರೆದೆವು. ಕೊನೆಗೆ ದಾಖಲೆ ಸಮೇತ ಉಳಿದದ್ದು 1,100ರ ಆಸುಪಾಸು. ಸಿಕ್ಕ ಗ್ರೇಡು ಬಿ ಪ್ಲಸ್ ಪ್ಲಸ್.

ಆ ಸಲ ಹೊರಗಿನ ಒಂದು ಸಂಸ್ಥೆಗೆ ಮೂರೂವರೆ ಲಕ್ಷ ಕೊಟ್ಟಿದ್ದೆವು. ಅವರು ನಮ್ಮದೇ ಎಕ್ಸೆಲ್ ಶೀಟಿನ ಕಾಲಂಗಳನ್ನು ಜೋಡಿಸಿಕೊಟ್ಟರು, ಅಷ್ಟೇ. ಆ ದುಡ್ಡಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಎರಡನೇ ಸಲ ಕೆಲಸವನ್ನು ತಲೆಕೆಳಗು ಮಾಡಿದೆ. ಮೇಷ್ಟರುಗಳನ್ನು ಪಟ್ಟಿ ಕೇಳಲಿಲ್ಲ. ಸಂಶೋಧನಾ ಪೇಪರ್‌ಗಳ ಡೇಟಾಬೇಸ್‌ಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಿಂದ ಪಟ್ಟಿ ಇಳಿಸಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಮಾಡಿ, ಅವರ ಮೇಜಿಗೇ ಒಯ್ದು ಇಟ್ಟೆ. ತಪ್ಪಿದ್ದರೆ ಹೊಡೆದು ಹಾಕಿ, ಬಿಟ್ಟಿದ್ದರೆ ಬರೆಯಿರಿ, ಕೆಳಗೆ ಸಹಿ ಮಾಡಿ. ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, “ಮೇಡಂ, ನಮ್ಮ ಪೇಪರ್ ನಮಗೇ ಗೊತ್ತಿರಲ್ವಾ? ಇದು ಆಗೋ ಹೋಗೋ ಮಾತಲ್ಲ” ಅಂದರು. ಫಾರ್ಮ್ ತುಂಬಲು ಎರಡು ತಿಂಗಳು ಸತಾಯಿಸಿದ್ದವರು ತಮ್ಮ ಹಾಳೆ ನೋಡಿ ಹತ್ತೇ ನಿಮಿಷದಲ್ಲಿ ಪೆನ್ ಕೇಳಿದರು. ಮುಂದೆ ಇಟ್ಟ ಪಟ್ಟಿಯಲ್ಲಿ ತಮ್ಮ ಒಂದು ಪೇಪರ್ ಇಲ್ಲದಿದ್ದರೆ ಯಾರೂ ಸುಮ್ಮನಿರುವುದಿಲ್ಲ.

ನಿಜವಾದ ಕಷ್ಟ ಇದ್ದದ್ದು ಹೆಸರಿನಲ್ಲಿ. ಶುರುವಿನಲ್ಲಿ ಹುಡುಕಿದಾಗ ಸ್ಕೋಪಸ್‌ನಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಸಿಕ್ಕಿದ್ದು 780ರಷ್ಟು ಪೇಪರ್. ಇಷ್ಟು ಕಡಿಮೆ ಹೇಗೆ ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ನಮ್ಮ ಊರೂ ಅದರಲ್ಲಿತ್ತು. ಅರ್ಧ ಜನ ಹಳೇ ಕಾಗುಣಿತ, ಅರ್ಧ ಜನ ಹೊಸದು. ಕೆಲವರು ಬರೀ ವಿಭಾಗದ ಹೆಸರು ಹಾಕಿದ್ದರು. ಕೆಲವರು ಸ್ನಾತಕೋತ್ತರ ಕೇಂದ್ರದ ಹೆಸರು, ಇನ್ನು ಕೆಲವರು ಮೂರಕ್ಷರದ ಸಂಕ್ಷಿಪ್ತ ರೂಪ. ಎಣಿಸಿದಾಗ ಒಟ್ಟು 19 ಬಗೆ. ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನಲ್ಲೂ ಇದೇ ಪೆಟ್ಟು. ಅಲ್ಲಿ ಸಂಶೋಧನೆಗೆ ಶೇ. 30ರ ಪಾಲು. ಪ್ರಕಟಣೆಯ ಲೆಕ್ಕಕ್ಕೆ ಅವರು ನಮ್ಮನ್ನು ಕೇಳುವುದೇ ಇಲ್ಲ, ನೇರವಾಗಿ ಈ ಡೇಟಾಬೇಸ್‌ಗಳಿಂದಲೇ ತೆಗೆದುಕೊಳ್ಳುತ್ತಾರೆ.

ನಮ್ಮವರ ಇನಿಷಿಯಲ್ ಇನ್ನೊಂದು ತಲೆನೋವು. ಒಬ್ಬರು ಒಂದು ಪೇಪರಿನಲ್ಲಿ ಇನಿಷಿಯಲ್ ಮುಂದೆ ಹಾಕುತ್ತಾರೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ತಂದೆಯ ಹೆಸರು ಬರೆಯುತ್ತಾರೆ. ಭೌತಶಾಸ್ತ್ರದ ಒಬ್ಬರೇ ಮೇಷ್ಟರು ಸ್ಕೋಪಸ್‌ನಲ್ಲಿ ಐದು ಜನ ಆಗಿದ್ದರು. ಅವರ ಐದೂ ಪ್ರೊಫೈಲ್ ಒಂದಾದ ದಿನ, ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನುವುದರ ಮೇಲೆ ಲೆಕ್ಕ ಹಾಕುವ ಎಚ್-ಇಂಡೆಕ್ಸ್ 9ರಿಂದ 16ಕ್ಕೆ ಹೋಯಿತು. ಅವರಿಗಿಂತ ನನಗೇ ಜಾಸ್ತಿ ಸಂತೋಷ.

ಪ್ರೊಫೈಲ್ ಸೇರಿಸುವುದು, ವಿಶ್ವವಿದ್ಯಾಲಯದ ಹೆಸರಿನ ಬಗೆಗಳನ್ನು ಒಂದೇ ಐಡಿಗೆ ತರುವುದು, ಇವಕ್ಕೆ ದುಡ್ಡೇನೂ ಬೇಕಿಲ್ಲ, ತಾಳ್ಮೆ ಬೇಕು. ಕಳೆದುಹೋದ ಪೇಪರ್ ಹುಡುಕಲು ನಾನು ಒಂದು ಸರ್ಚ್ ಸಾಲು ಕಟ್ಟಿಕೊಂಡೆ. ಊರು, ಪಿನ್‌ಕೋಡ್, ಇನ್ನೆರಡು ಪದ ಸೇರಿಸಿದ್ದು. ಆ ಎರಡು ಪದ ಯಾವುವು ಅಂತ ಇಲ್ಲಿ ಹೇಳಲ್ಲ, ಮುಂದಿನ ಸುತ್ತು ನಮಗೂ ಇದೆ! 780 ಇದ್ದದ್ದು 1,060 ದಾಟಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಗೂಗಲ್ ಸ್ಕಾಲರ್‌ನಿಂದಲೇ ಎಲ್ಲ ಎತ್ತಿಬಿಡೋಣ ಅಂತ ಒಂದು ವಾರ ಒದ್ದಾಡಿದೆ. ಸಮಾಜಶಾಸ್ತ್ರದವರ ಹೆಸರಿಗೆ ಲೋಹದ ತುಕ್ಕಿನ ಪೇಪರ್ ಬಂದು ಕೂತಾಗ ಕೈಬಿಟ್ಟೆ. ಒಂದು ಶನಿವಾರ ಎಲ್ಲರನ್ನೂ ಲ್ಯಾಬಿನಲ್ಲಿ ಕೂರಿಸಿ ಆರ್ಕಿಡ್ ಐಡಿ (ಸಂಶೋಧಕರಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು ಸಂಖ್ಯೆ) ಮಾಡಿಸಿದೆ. 140 ಜನ ಮಾಡಿಕೊಂಡರು. ಆರು ತಿಂಗಳ ಮೇಲೆ ನೋಡಿದರೆ ಪೇಪರ್ ಸೇರಿಸಿದ್ದವರು ಮೂವತ್ತೂ ಇರಲಿಲ್ಲ.

ಈ ದಾರಿ ಭಾಷೆ, ಇತಿಹಾಸದವರಿಗೆ ಆಗಲ್ಲ ಅಂತ ಹೇಳಿದವರ ಮಾತಿನಲ್ಲಿ ಸತ್ಯ ಇತ್ತು. ಸ್ಕೋಪಸ್‌ನಲ್ಲಿ ಅವರ ಕೆಲಸ ಕಾಣುವುದು ಅಪರೂಪ. ಆದರೆ ಯುಜಿಸಿಯ ಮಾನ್ಯ ಪತ್ರಿಕೆಗಳ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳೂ ಇದ್ದವು. ಕನ್ನಡ ವಿಭಾಗದ ಹಿರಿಯರೊಬ್ಬರು ಬಟ್ಟೆ ಚೀಲದಲ್ಲಿ ಹನ್ನೊಂದು ಸಂಚಿಕೆ ಹೊತ್ತು ತಂದರು. ಪ್ರತಿಯೊಂದರಲ್ಲೂ ತಮ್ಮ ಲೇಖನದ ಪುಟಕ್ಕೆ ಬಸ್ ಟಿಕೆಟ್ ಗುರುತು ಇಟ್ಟಿದ್ದರು. ಮುಖಪುಟ, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತು ಸಂಖ್ಯೆ) ಇರುವ ಪುಟ, ಪರಿವಿಡಿ, ಲೇಖನದ ಮೊದಲ ಪುಟ, ಹೀಗೆ ನಾಲ್ಕು ಸ್ಕ್ಯಾನ್ ತೆಗೆದೆವು. ಎರಡು ಸಂಚಿಕೆಗಳಲ್ಲಿ ಐಎಸ್‌ಎಸ್‌ಎನ್‌ನ ಒಂದು ಅಂಕಿ ತಪ್ಪಾಗಿ ಅಚ್ಚಾಗಿತ್ತು. ಸಂಪಾದಕರಿಂದ ಪತ್ರ ತರಿಸಿಕೊಂಡು ಜೊತೆಗಿಟ್ಟೆ. ಹನ್ನೊಂದೂ ನಿಂತವು.

2018ರ ಮೇನಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಸಿಕ್ಕಿಕೊಂಡ ನಮ್ಮ ಪೇಪರ್ 90ರ ಹತ್ತಿರ. ಪ್ರಕಟವಾದ ದಿನ ಪತ್ರಿಕೆ ಪಟ್ಟಿಯಲ್ಲಿತ್ತು ಅಂತ ತೋರಿಸಲು ಆದವನ್ನಷ್ಟೇ ಇಟ್ಟುಕೊಂಡೆ, ಉಳಿದದ್ದನ್ನು ನಾನೇ ಕೈಬಿಟ್ಟೆ. ದುಡ್ಡು ಕೊಟ್ಟು ಹಾಕಿಸಿದ್ದವರು ಜಗಳಕ್ಕೇ ಬಂದರು. ಸಂಶಯದ ಒಂದು ಪೇಪರ್ ಪಕ್ಕದ ಹತ್ತು ಒಳ್ಳೆಯದಕ್ಕೂ ಪ್ರಶ್ನೆ ತರುತ್ತದೆ. ಅಲ್ಲಿ ನಾನು ಬಗ್ಗಲಿಲ್ಲ.

ಖರ್ಚು ಹೇಳಿಬಿಡುತ್ತೇನೆ. ಎಂ.ಲಿಬ್ (ಗ್ರಂಥಾಲಯ ವಿಜ್ಞಾನ) ವಿದ್ಯಾರ್ಥಿಗಳು ನಾಲ್ವರು, ಒಬ್ಬೊಬ್ಬರಿಗೆ ದಿನಕ್ಕೆ 400 ರೂಪಾಯಿ, ಸುಮಾರು 45 ದಿನ. ಸ್ಕ್ಯಾನರ್ 18 ಸಾವಿರ. ಪ್ರಿಂಟು, ಚಹಾ ಎಲ್ಲ ಸೇರಿ ಲಕ್ಷ ದಾಟಿರಬೇಕು, ಅಷ್ಟೇ. ಕುಲಸಚಿವರು ಬಿಲ್ ಎರಡೆರಡು ಸಲ ನೋಡಿದರು, ಇಷ್ಟೇನಾ ಅಂತ. ಡಿವಿವಿ ಪ್ರಶ್ನೆ ಈ ಸಲ ಹನ್ನೆರಡೋ ಹದಿಮೂರೋ. ಗ್ರೇಡು ಎ ಆಯಿತು. ಆಗ ಸಾವಿರ ಅಂಕದಲ್ಲಿ 250 ಈ ಕ್ರೈಟೀರಿಯನ್‌ನದ್ದಾಗಿತ್ತು, ನಮ್ಮನ್ನು ಮೇಲೆತ್ತಿದ್ದು ಅದೇ ಅಂತ ಧೈರ್ಯವಾಗಿ ಹೇಳುತ್ತೇನೆ.

ನಲವತ್ತರಷ್ಟು ಪೇಪರ್ ಮಾತ್ರ ಕೊನೆಗೂ ದಕ್ಕಲಿಲ್ಲ. ಅವುಗಳಲ್ಲಿ ನಮ್ಮ ಪಿಎಚ್‌ಡಿ ಸ್ಕಾಲರ್‌ಗಳು ತಾವು ಪಾಠ ಮಾಡುವ ಕಾಲೇಜಿನ ವಿಳಾಸವನ್ನಷ್ಟೇ ಕೊಟ್ಟಿದ್ದರು. ಅಚ್ಚಾದ ವಿಳಾಸವನ್ನು ಯಾವ ಡೇಟಾಬೇಸ್ ಕೂಡ ತಿದ್ದಿಕೊಡುವುದಿಲ್ಲ. ಅದಕ್ಕೇ ಈಗ ಪಿಎಚ್‌ಡಿ ಕೋರ್ಸ್‌ವರ್ಕ್‌ನ ಮೊದಲ ದಿನವೇ ವಿಳಾಸದ ಆ ಒಂದು ಸಾಲನ್ನು ಎಲ್ಲರಿಂದಲೂ ಬರೆಸುತ್ತೇನೆ. ಹೋದ ವರ್ಷ ಬಂದ 200ಕ್ಕೂ ಜಾಸ್ತಿ ಪೇಪರ್‌ಗಳಲ್ಲಿ ವಿಳಾಸ ತಪ್ಪಿದ್ದು ನಾಲ್ಕೋ ಐದೋ.