ಅಮೆರಿಕದ ಕಾಲೇಜು ತಂಡದಲ್ಲಿ ಆಡಬೇಕೆನ್ನುವ ದಾವಣಗೆರೆ, ದುರ್ಗದ ಮಕ್ಕಳಿಗೆ

ದಾವಣಗೆರೆ ವಿಶ್ವವಿದ್ಯಾಲಯದ ಅಡಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ಮೊದಲು ತಮ್ಮೊಳಗೆ ಆಡುತ್ತವೆ, ಆಮೇಲೆ ವಿ.ವಿ. ತಂಡದ ಆಯ್ಕೆ. ಅಮೆರಿಕದಲ್ಲಿ ಈ ಮೆಟ್ಟಿಲೇ ಇಲ್ಲ. ವಿ.ವಿ.ಯ ಅಧಿಕೃತ ತಂಡಕ್ಕೆ ಸಂಬಳದ ಕೋಚ್ ಇರುತ್ತಾರೆ, ಪ್ರವೇಶಕ್ಕೆ ಒಂದೆರಡು ವರ್ಷ ಮೊದಲೇ ಆಟಗಾರರನ್ನು ಗುರುತಿಸಿಟ್ಟಿರುತ್ತಾರೆ. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಕೋಚ್‌ಗೆ ಇಮೇಲ್ ಹಾಕಿ. ಓಟಗಾರರಾದರೆ ಅಧಿಕೃತ ಕೂಟದ ಸಮಯ, ಪೈಲ್ವಾನರಾದರೆ ಇಡೀ ಪಂದ್ಯದ ವಿಡಿಯೊ ಕಳಿಸಿ.

ಇದನ್ನೆಲ್ಲ ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೂರು ಡಿವಿಷನ್‌ಗಳಲ್ಲಿ ಮೂರನೆಯದು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ. ಮೊದಲೆರಡಕ್ಕೆ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ನಲ್ಲಿ (ಆಡುವ ಅರ್ಹತೆ ಪರಿಶೀಲಿಸುವ ಕೇಂದ್ರ) ನೋಂದಣಿ ಬೇಕು. ಅವರು 9ನೇ ತರಗತಿಯಿಂದ ಲೆಕ್ಕ ಹಿಡಿದು 16 ಕೋರ್ ವಿಷಯ ನೋಡುತ್ತಾರೆ. ಅದರಲ್ಲಿ ಎರಡು ವರ್ಷದ ಸಮಾಜ ವಿಜ್ಞಾನವೂ ಸೇರಿದೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಅದು ಸಿಗುವುದು 9 ಮತ್ತು 10ರಲ್ಲಿ ಮಾತ್ರ. ಆದ್ದರಿಂದ 9ನೇ ತರಗತಿ ಅಂಕಪಟ್ಟಿಗೆ ಹೆಡ್‌ಮಾಸ್ಟರ ಸಹಿ, ಮೊಹರು ಹಾಕಿಸಿ ಜೋಪಾನ ಮಾಡಿ. ಪಿಯುಸಿ ಆದಮೇಲೆ ನೀಟ್‌ಗೆಂದು ಕೂತು, ಆ ಹೊತ್ತಿನಲ್ಲಿ ಟೂರ್ನಿಗಳನ್ನೂ ಆಡುತ್ತಿದ್ದರೆ ಅದು ಅರ್ಹತೆಯನ್ನು ತಿನ್ನಬಹುದು. ಕೋಚ್‌ಗೆ ಮೊದಲೇ ತಿಳಿಸಿ.

ಇಲ್ಲಿ ಬಿಇ ಮುಗಿಸಿ ಎಂಎಸ್‌ಗೆ ಹೋಗುವವರು ಇದನ್ನು ಗಮನಿಸಲೇಬೇಕು: ಡಿವಿಷನ್ ಒಂದರಲ್ಲಿ ಆಡಲು ಇರುವ ಐದು ವರ್ಷದ ಗಡುವಿನ ಗಡಿಯಾರ ಯಾವ ದೇಶದ ಕಾಲೇಜಿಗೆ ಪೂರ್ಣಾವಧಿಗೆ ಸೇರಿದರೂ ಅಂದೇ ಓಡತೊಡಗುತ್ತದೆ. ನಾಲ್ಕು ವರ್ಷ ಇಲ್ಲೇ ಕಳೆದಿರುತ್ತದೆ. ನಿಯಮ ಆಗಾಗ ಬದಲಾಗುವುದರಿಂದ ನಿಯಮ ಪಾಲನೆ ನೋಡಿಕೊಳ್ಳುವ ವಿ.ವಿ.ಯ ಕಂಪ್ಲೈಯನ್ಸ್ ಆಫೀಸಿನಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಗರಡಿಯಲ್ಲಿ ಬೆಳೆದವರಿಗೆ ಅಲ್ಲಿನ ಕುಸ್ತಿ ಮೊದಮೊದಲು ಕೈಕೊಡುತ್ತದೆ. ಹುಡುಗರದು ಫ್ರೀಸ್ಟೈಲ್ ಅಲ್ಲ, ಫೋಕ್‌ಸ್ಟೈಲ್ ಎಂಬ ಅಮೆರಿಕದ್ದೇ ಪದ್ಧತಿ. ಫ್ರೀಸ್ಟೈಲ್‌ನಲ್ಲಿ ಕೆಳಗೆ ಬಿದ್ದವನು ಮ್ಯಾಟಿಗೆ ಅಂಟಿಕೊಂಡು ಮಲಗಿದರೆ ರೆಫರಿ ಎಬ್ಬಿಸುತ್ತಾರೆ. ಫೋಕ್‌ಸ್ಟೈಲ್‌ನಲ್ಲಿ ಹಾಗೆ ಮಲಗಿದಷ್ಟೂ ಎದುರಾಳಿಯ ರೈಡಿಂಗ್ ಟೈಮ್ (ಮೇಲಿದ್ದು ಹಿಡಿತದಲ್ಲಿಟ್ಟುಕೊಂಡ ಸಮಯ) ಬೆಳೆಯುತ್ತದೆ. ಕೊನೆಗೆ ಅದು ನಿಮ್ಮದಕ್ಕಿಂತ ಒಂದು ನಿಮಿಷ ಹೆಚ್ಚಿದ್ದರೆ ಅವನಿಗೆ ಒಂದು ಅಂಕ. ಬಿಡಿಸಿಕೊಂಡು ಎದ್ದರೆ ನಿಮಗೆ ಒಂದು, ತಿರುಗಿ ಮೇಲೆ ಬಂದರೆ ಎರಡು, ನಿಂತಲ್ಲಿಂದ ಕೆಡವಿದರೆ ಮೂರು. ಎರಡೂ ಭುಜ ಒಂದು ಸೆಕೆಂಡ್ ತಾಗಿದರೆ ಚಿತ್. ಹೋಗುವ ಮುಂಚೆ ಆರು ತಿಂಗಳಾದರೂ ಮಂಡಿಯೂರಿದ ಭಂಗಿಯಿಂದ ಏಳುವುದನ್ನೇ ಅಭ್ಯಾಸ ಮಾಡಿ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹಣ ಗೆದ್ದಿದ್ದರೆ ಎಲಿಜಿಬಿಲಿಟಿ ಸೆಂಟರ್‌ನ ಅಮೆಚೂರ್ ಪ್ರಶ್ನಾವಳಿಯಲ್ಲಿ (ನೀವು ಹಣಕ್ಕಾಗಿ ಆಡುವವರೇ ಎಂದು ನೋಡುವ ಪ್ರಶ್ನೆಗಳು) ಮುಚ್ಚಿಡಬೇಡಿ. ಗೆದ್ದ ಹಣ ಖರ್ಚಿಗೇ ಹೋಯಿತೆಂದು ತೋರಿಸಲು ಪ್ರಯಾಣ, ಊಟದ ಖರ್ಚಿನ ಚೀಟಿ ಇಟ್ಟುಕೊಳ್ಳಿ.

ಸೇರಿದ ಮೇಲೆ ಪದವಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ 12 ಕ್ರೆಡಿಟ್ ಇರಲೇಬೇಕು. 13 ತಗೊಂಡು, ಕಷ್ಟವೆಂದು 3 ಕ್ರೆಡಿಟ್‌ನ ವಿಷಯ ಬಿಟ್ಟರೆ ಆಟವೂ ನಿಲ್ಲುತ್ತದೆ, ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೂ ಕುತ್ತು. 2021ರ ಜುಲೈನಿಂದ ಆಟಗಾರರು ಜಾಹೀರಾತಿನಿಂದ ಗಳಿಸಬಹುದು, ಆದರೆ ಎಫ್-1ನವರಿಗೆ ಅನುಮತಿಯಿಲ್ಲದ ದುಡಿಮೆ ವೀಸಾ ಉಲ್ಲಂಘನೆ. ಜೊತೆಯವರು ಜಾಹೀರಾತಿನ ಒಪ್ಪಂದಕ್ಕೆ ಸಹಿ ಹಾಕಿದರೆಂದು ನೀವು ಹಾಕಬೇಡಿ.

ಕ್ರಿಕೆಟ್, ಕಬಡ್ಡಿ, ಖೋಖೋ ಎನ್‌ಸಿಎಎಯಲ್ಲಿಲ್ಲ. ಅವಕ್ಕೆ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡ ಇದೆಯೇ ಎಂದು ವಿಚಾರಿಸಿ. ಎಂಎಸ್‌ನವರೂ ಸಾಮಾನ್ಯವಾಗಿ ಅಲ್ಲಿ ಆಡಬಹುದು, ಚಂದಾ ಮಾತ್ರ ಕೈಯಿಂದ ಕೊಡಬೇಕು.